ಮೀನಿಗೊಂದು ಚಿಟಿಕೆ ವಿಭೂತಿ

ಎಮರ್ಜೆನ್ಸಿ ಮುಗಿದ ಮರುವರ್ಷ ಬಸವಕಲ್ಯಾಣದ ಭಾಗಮ್ಮನ ಮನೆಗೆ ಸೊಸೆ ಬಂದಳು. ಸೊಸೆಯ ಹಿಂದೆ ಟ್ರಂಕು ಬಂತು, ಹಾಸಿಗೆ ಸುರುಳಿ ಬಂತು, ಹಿತ್ತಾಳೆ ಪಾತ್ರೆಗಳು ಬಂದವು. ಇವೆಲ್ಲ ಬರಬೇಕಾದವೇ. ಕೊನೆಗೆ ಇಬ್ಬರು ಹಮಾಲರು ಒಂದು ದೊಡ್ಡ ಗಾಜಿನ ಪೆಟ್ಟಿಗೆಯನ್ನು ಉಸಿರು ಬಿಗಿಹಿಡಿದು ಇಳಿಸಿದರು. ಅದರ ಬೆನ್ನಿಗೆ ಸೊಸೆಯ ತಂದೆ, ಹುಮನಾಬಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬಸವಣಪ್ಪ ಮಾಸ್ತರರು, ಕೈಯಲ್ಲೊಂದು ಬಕೀಟು ಹಿಡಿದು ಬಂದರು. ಬಕೀಟಿನಲ್ಲಿ ಎರಡು ಕೆಂಪು ಮೀನು.

“ಇದೇನ್ರಿ ಬೀಗರ?” ಎಂದಳು ಭಾಗಮ್ಮ.

“ಸಾಕಿದ ಮೀನ್ರಿ ಅಕ್ಕಾರ. ರುಕ್ಮಿಣಿಗ ಸಣ್ಣಾಕಿ ಇದ್ದಾಗಿಂದ ಇವುಗಳ ಮ್ಯಾಲೆ ಜೀವ. ತಿನ್ನೂವಲ್ಲ, ನೋಡೂವು,” ಎಂದು ಮಾಸ್ತರರು ಆದಷ್ಟು ಮೆಲ್ಲಗೆ ಹೇಳಿದರು.

ಮೆಲ್ಲಗೆ ಹೇಳಿದರೇನು, ಓಣಿಗೆ ಕಿವಿ ಇಲ್ಲವೇ? ಲಿಂಗ ಕಟ್ಟಿದವರ ಮನೆಗೆ ಮೀನು ಬಂತಂತೆ ಎಂಬ ಸುದ್ದಿ ಟ್ರಂಕು ಒಳಗೆ ಹೋಗುವುದರೊಳಗೆ ಓಣಿಯ ಆ ತುದಿ ಮುಟ್ಟಿತ್ತು. ಎದುರು ಮನೆಯ ಸರುಬಾಯಿಗೆ ಮೀನು ಮಾಂಸ ಎಲ್ಲವೂ ನಡೆಯುತ್ತಿತ್ತು. ಆಕೆ ಹೊಸ್ತಿಲವರೆಗೂ ಬಂದು, “ಭಾಗವ್ವಾ, ಮಸಾಲಿ ಅರಿಯೂದಿದ್ರ ಕರಿ, ನಾ ಬರತೇನಿ,” ಎಂದು ನಕ್ಕಳು.

ಭಾಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಸೊಂಟಕ್ಕೆ ಸೆರಗು ಸಿಕ್ಕಿಸಿ, ನೆರೆದವರೆಲ್ಲರ ಎದುರು ಸಾರಿಬಿಟ್ಟಳು: “ಬೀಗರು ತಂದಾರ, ಇರಲಿ. ಆದ್ರ ನಾ ಅವುಗಳ ಮಾರಿ ಸೈತ ನೋಡಂಗಿಲ್ಲ. ಅವಕ್ಕೂ ನನಗೂ ಸಂಬಂಧ ಇಲ್ಲ.”

ಭಾಗಮ್ಮ ಆಡಿದ ಮಾತು ಆಡಿದ್ದೇ. ಹಿಂದೆ ತೆಗೆದುಕೊಂಡದ್ದನ್ನು ಕಂಡವರಿಲ್ಲ. ‘ತಪ್ಪಾತು’ ಎಂಬ ಶಬ್ದವನ್ನು ಅವಳ ಬಾಯಿಂದ ಕೇಳಬೇಕೆಂದು ಗಂಡ ಜೀವಮಾನವಿಡೀ ಕಾದು, ಕೇಳದೆಯೇ ಲಿಂಗೈಕ್ಯನಾಗಿದ್ದ. ಆದರೆ ಈ ಸಲ ಆಡಿದ ಮಾತು ಅವಳಿಗೇ ಉರುಲಾಯಿತು. ಯಾಕೆಂದರೆ ಗಾಜಿನ ಪೆಟ್ಟಿಗೆ ಇಡಲು ಮನೆಯಲ್ಲಿ ಇದ್ದ ಒಂದೇ ಗಟ್ಟಿ ಮೇಜು ಪಡಸಾಲೆಯಲ್ಲಿತ್ತು, ಭಾಗಮ್ಮ ನಸುಕಿನಲ್ಲೆದ್ದು ಲಿಂಗಪೂಜೆಗೆ ಕೂಡುವುದೂ ಅದೇ ಪಡಸಾಲೆಯಲ್ಲಿ.

ಮೊದಲ ದಿನ ಅವಳು ಮೀನಿಗೆ ಬೆನ್ನು ಮಾಡಿ ಕೂತಳು. ಎರಡನೆಯ ದಿನ ಬೆನ್ನಿಗೆ ಏನೋ ಚುಚ್ಚಿದಂತಾಗಿ ತಿರುಗಿದರೆ, ದೊಡ್ಡ ಮೀನು ಗಾಜಿಗೆ ಮೂತಿ ಹಚ್ಚಿ ಅವಳನ್ನೇ ನೋಡುತ್ತಿತ್ತು. ಬಾಯಿ ತೆರೆಯುವುದು, ಮುಚ್ಚುವುದು.

“ಏನ ನೋಡಾಕತ್ತಿ?” ಎಂದಳು ಭಾಗಮ್ಮ. ಮೀನು ಬಾಲ ಆಡಿಸಿತು. ಮಾತಿಗೆ ಎದುರು ಮಾತು ಆಡದ ಪ್ರಾಣಿಯನ್ನು ಆ ಮನೆಯಲ್ಲಿ ಅವಳು ನೋಡಿದ್ದು ಅದೇ ಮೊದಲು.

ಪೂಜೆ ಮುಗಿದ ಮೇಲೆ ಮನೆಯಲ್ಲಿದ್ದ ಎಲ್ಲಕ್ಕೂ ವಿಭೂತಿ ಹಚ್ಚುವುದು ಭಾಗಮ್ಮನ ಪದ್ಧತಿ. ಬಾಗಿಲ ಚೌಕಟ್ಟಿಗೆ, ಒಲೆಗೆ, ಜೋಳದ ಹಗೇವಿಗೆ, ಆಕಳ ಕರುವಿಗೆ, ಮಗ ವೈಜನಾಥನ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಕೊನೆಗೆ ಅವನ ಸೈಕಲ್ಲಿಗೆ. ಮನೆಯೊಳಗಿನ ಎರಡು ಜೀವ ಮಾತ್ರ ಬೋಳು ಹಣೆಯಲ್ಲಿ ಓಡಾಡುವುದು ಅವಳಿಗೆ ಸರಿಬರಲಿಲ್ಲ. ಮೀನಿನ ಹಣೆ ಎಲ್ಲಿಂದ ಎಲ್ಲಿಯವರೆಗೆ ಎಂದು ಯಾರಿಗೆ ಗೊತ್ತು? ಅವಳು ಅತ್ತಿತ್ತ ನೋಡಿ, ಒಂದು ಚಿಟಿಕೆ ವಿಭೂತಿ ಪುಡಿ ಮಾಡಿ ನೀರಿಗೇ ಉದುರಿಸಿದಳು. ಮೀನುಗಳು ಲಿಂಗವಂತರಾದವು. ಯಾರಿಗೂ ತಿಳಿಯಲಿಲ್ಲ.

ಅಂದಿನಿಂದ ನಸುಕಿನ ಕೆಲಸಕ್ಕೆ ಇನ್ನೊಂದು ಸೇರಿತು. ದೊಡ್ಡದಕ್ಕೆ ಕೆಂಪಿ ಎಂದು ಹೆಸರಿಟ್ಟಳು. ವಿಭೂತಿ ಹಾಕುವುದು, ಮೇಜಿನ ಪಕ್ಕ ಕೂತು ಕೆಂಪಿಗೆ ಮನೆಯ ಹಾಲಹವಾಲು ಹೇಳುವುದು. ಮೊಣಕಾಲು ನೋವು. ಸರುಬಾಯಿಯ ಆಡು ಮಲ್ಲಿಗೆ ಬಳ್ಳಿ ತಿಂದದ್ದು. ಮಗ ಹೆಂಡತಿಯ ಕಡೆ ವಾಲಿದ್ದು. ಸೊಸೆ ಬಡಿಯುವ ರೊಟ್ಟಿ ನಕ್ಷೆಯಲ್ಲಿರುವ ದೇಶಗಳ ಹಾಗಿರುವುದು. ಕೆಂಪಿ ಎಲ್ಲವನ್ನೂ ಕೇಳುತ್ತಿತ್ತು, ಒಬ್ಬರಿಗೂ ಹೇಳುತ್ತಿರಲಿಲ್ಲ. ಒಳಗೆ ಸೊಸೆ ಎದ್ದ ಸಪ್ಪಳವಾದರೆ ಭಾಗಮ್ಮ ಚಟ್ಟನೆ ಎದ್ದು, ಮೀನಿನ ಕಡೆ ನೋಡದೆ, ಬಾಗಿಲಿಗೆ ನೀರು ಹಾಕಲು ನಡೆದುಬಿಡುತ್ತಿದ್ದಳು.

ಹೀಗಿರುವಾಗ ಸಣ್ಣ ಮೀನು ಸೊರಗಿತು. ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆ ಹಿಡಿಯಿತು. ಭಾಗಮ್ಮ ಒಂದರ ಬದಲು ಎರಡು ಚಿಟಿಕೆ ಹಾಕಿದಳು. ಮೀನು ಸತ್ತಿತು.

ರುಕ್ಮಿಣಿ ಅತ್ತಳು. ವೈಜನಾಥ, ಹೆಂಡತಿ ಅತ್ತರೂ ತಾಯಿ ಬೈದರೂ ಒಂದೇ ಉಪಾಯ ಬಲ್ಲವನು, ಅಂಗಡಿಗೆ ಹೋದ. ಮಣ್ಣು ಮಾಡುವ ಕೆಲಸ ಭಾಗಮ್ಮನ ಪಾಲಿಗೆ ಬಂತು. ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿ ಹೂಳುವುದು ರೂಢಿ. ಮೀನನ್ನು ಕೂಡಿಸುವುದು ಹೇಗೆ? ಹಿತ್ತಲ ಪತ್ರಿ ಗಿಡದ ಬುಡದಲ್ಲಿ ಅದನ್ನು ಹೇಗೆ ಇಟ್ಟರೂ ಮಗ್ಗುಲಿಗೆ ಬೀಳುತ್ತಿತ್ತು. ಕೊನೆಗೆ ಎರಡು ಹರಳುಗಲ್ಲಿನ ಆಸರೆ ಕೊಟ್ಟು ಬಾಲದ ಮೇಲೆ ನಿಲ್ಲಿಸಿ, “ನಿಂತಾದ್ರೂ ಹೋಗು ತಂಗಿ,” ಎಂದು ಮಣ್ಣು ಎಳೆದಳು.

ಆಮೇಲೆ ಸೊಸೆ ತವರಿನಿಂದ ತಂದಿದ್ದ ಲಿಟ್ಮಸ್ ಕಾಗದದ ಚೂರುಗಳನ್ನು ಹೊರಗೆ ತೆಗೆದಳು. ನೀರು ಹುಳಿಯಾದರೆ ನೀಲಿ ಕಾಗದ ಕೆಂಪಾಗುತ್ತದೆ, ಸವಳಾದರೆ, ಅಂದರೆ ಕ್ಷಾರವೇರಿದರೆ, ಕೆಂಪು ಕಾಗದ ನೀಲಿಯಾಗುತ್ತದೆ. ದಿನವೂ ಮಧ್ಯಾಹ್ನ ಪೆಟ್ಟಿಗೆಯಲ್ಲಿ ಕೆಂಪು ಕಾಗದ ಅದ್ದುವಳು, ಅದು ನೀಲಿಯಾದದ್ದನ್ನು ನೋಡಿ ತುಟಿ ಕಚ್ಚುವಳು. ಮೀನಿಗೆ ಜ್ವರ ನೋಡುವ ಕಾಗದವೆಂದು ಭಾಗಮ್ಮ ತಿಳಿದಳು.

ಇದೇ ದಿನಗಳಲ್ಲಿ ಭಾಗಮ್ಮನ ಕಣ್ಣಿಗೆ ಇನ್ನೊಂದು ಬಿತ್ತು. ಅಡುಗೆಮನೆಯ ಬುಟ್ಟಿಯಿಂದ ಲಿಂಬೆಹಣ್ಣು ಮಾಯವಾಗುತ್ತಿದ್ದವು. ಸಂಜೆ ಸೊಸೆ ಸೆರಗಿನ ಮರೆಯಲ್ಲಿ ಒಂದನ್ನು ಒಯ್ಯುವುದನ್ನು ಸ್ವತಃ ನೋಡಿದಳು. ಹೊಸ ಸೊಸೆ, ಕದ್ದು ಹುಳಿ ತಿನ್ನುವುದು! ಭಾಗಮ್ಮನ ಸಂತೋಷ ಹೇಳತೀರದು. ಹುಡುಗಿ ತಾನಾಗಿ ಹೇಳುವವರೆಗೆ ಬಾಯಿ ಬಿಡಬಾರದೆಂದು ತುಟಿ ಬಿಗಿದುಕೊಂಡು, ಕೆಂಪಿಗೆ ಮಾತ್ರ ಹೇಳಿದಳು. “ಮೊಮ್ಮಗ ಬರಾಕತ್ತಾನ, ಯಾರ ಮುಂದೂ ಅನಬ್ಯಾಡ.” ಕೆಂಪಿ ಅನ್ನಲಿಲ್ಲ. ಆದರೆ ಅದಕ್ಕೂ ಹುಷಾರಿರಲಿಲ್ಲ. ಈಗೀಗ ಗಾಜಿನ ಹತ್ತಿರ ಬರುವುದನ್ನೇ ಬಿಟ್ಟಿತ್ತು, ನೀರಿನ ಮೇಲೆ ಬಾಯಿ ತೇಲಿಸಿ ಏದುಸಿರು ಬಿಡುತ್ತಿತ್ತು. ಭಾಗಮ್ಮ ವಿಭೂತಿಯನ್ನು ಮೂರು ಚಿಟಿಕೆಗೆ ಏರಿಸಿದಳು.

ಒಂದು ಸಂಜೆ ಅಡುಗೆಮನೆಯಲ್ಲಿ ಗಂಡಹೆಂಡಿರ ಮಾತು ಕೇಳಿಸಿತು.

“ನಿಮ್ಮ ಬಾವಿ ನೀರ ಸವಳದರಿ. ನನ್ನ ತವರಿಂದು ಅಂಬೂದು ಒಂದೂ ಈ ಮನ್ಯಾಗ ಬದುಕಂಗಿಲ್ಲ. ನಾಳಿ ಇದನ್ನ ಹುಮನಾಬಾದಕ್ಕ ಒಯ್ದು ಅಪ್ಪನ ಹತ್ರ ಬಿಟ್ಟ ಬರತೇನಿ.”

“ಆತು ಬಿಡು,” ಎಂದ ವೈಜನಾಥ. ಅವನ ನಿಘಂಟಿನಲ್ಲಿ ಇದ್ದದ್ದೇ ಆ ಎರಡು ಶಬ್ದ.

ಭಾಗಮ್ಮ ಪಡಸಾಲೆಯ ಕಂಬಕ್ಕೆ ಒರಗಿ ನಿಂತಳು. ಅರ್ಧ ಓಣಿ ಕುಡಿದು ಬಾಳುವ ಬಾವಿ ಸವಳಂತೆ! ಆ ಮಾತಿಗೇ ಬೇರೆ ದಿನವಾಗಿದ್ದರೆ ಮನೆಯ ಹೆಂಚು ಹಾರುತ್ತಿದ್ದವು. ಆದರೆ ಅವಳಿಗೆ ಚುರಕ್ ಎಂದದ್ದು ಬೇರೆ. ಕೆಂಪಿ ಹೋಗುತ್ತದೆ. ನಾಳೆಯಿಂದ ನಸುಕಿನಲ್ಲಿ ಆ ಮೇಜಿನ ಮೇಲೆ ಬರೀ ಗಾಜು. ಕೆಂಪಿಯ ಹಿಂದೆಯೇ ಹುಡುಗಿಯ ಮನಸ್ಸೂ ಹುಮನಾಬಾದಕ್ಕೆ ಹೋಗಿ ಕೂತರೆ? ‘ಒಯ್ಯಬ್ಯಾಡ’ ಎನ್ನಲು ಒಂದು ಮಾತು ಸಾಕಿತ್ತು. ಆದರೆ ಯಾವ ಬಾಯಿಂದ ಅನ್ನುವುದು? ಮಾರಿ ಸೈತ ನೋಡಂಗಿಲ್ಲ ಎಂದು ಓಣಿಯೆದುರು ಸಾರಿದ ಬಾಯಿ ಅದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಷ್ಟು ದಿನ ಮೀನು ಸಾಕಿದವಳಿಗೆ ಈಗ ಕಣ್ಣು ತೆರೆಯಲು ಧೈರ್ಯ ಬರಲಿಲ್ಲ.

ಮರುದಿನ ರುಕ್ಮಿಣಿ ಸ್ಟೀಲಿನ ಬಕೀಟಿಗೆ ಪೆಟ್ಟಿಗೆಯ ನೀರನ್ನೇ ತೋಡಿ, ಮೀನು ಬಿಟ್ಟು, ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿದಳು. ದಾರಿಯಲ್ಲಿ ನೀರು ತುಳುಕಿದರೆ ಇರಲೆಂದು ಒಂದು ಕ್ಯಾನು ತುಂಬ ಬಾವಿ ನೀರನ್ನೂ ತೆಗೆದುಕೊಂಡಳು. ನೋಡಿದರೆ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ನನಗೂ ಹುಮನಾಬಾದದಾಗ ಕೆಲಸ ಅದ.”

“ಏನ ಕೆಲಸ ಅವ್ವಾ?” ಎಂದ ವೈಜನಾಥ.

“ಎಲ್ಲಾ ನಿನಗ ಹೇಳೇ ಮಾಡಬೇಕೇನು?”

ಬಸ್ಸಿನಲ್ಲಿ ಅತ್ತೆ ಕಿಟಕಿಗೆ, ಸೊಸೆ ಪಕ್ಕಕ್ಕೆ, ಬಕೀಟು ಇಬ್ಬರ ಕಾಲುಗಳ ನಡುವೆ. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ದೊಡ್ಡ ರಸ್ತೆ ಹಿಡಿಯಿತು. ರಸ್ತೆ ಹೆಸರಿಗೆ ದೊಡ್ಡದು, ತಗ್ಗುಗಳೂ ಅದಕ್ಕೆ ತಕ್ಕಂತೆ ಇದ್ದವು. ಒಂದು ತಗ್ಗಿಗೆ ಬಕೀಟು ಎಗರಿ ಬಿತ್ತು. ಒಳಗೆ ಕೆಂಪಿ ಮಗ್ಗುಲಾಯಿತು.

ಮುಂದಿನದನ್ನು ಮಾಡಿದ್ದು ಭಾಗಮ್ಮ ಅಲ್ಲ, ಅವಳ ಕೈ. ಕೈ ಸೊಂಟದ ಸಂಚಿಗೆ ಹೋಯಿತು, ವಿಭೂತಿ ಗಟ್ಟಿಯನ್ನು ಉಗುರಿನಿಂದ ಕೆರೆಯಿತು, ಬಟ್ಟೆಯ ಅಂಚು ಎತ್ತಿತು, ಉದುರಿಸಿತು. “ಹೆದರಬ್ಯಾಡ ಕೆಂಪಿ, ಹೆದರಬ್ಯಾಡ. ಇನ್ನ ಜರಾ ದೂರ,” ಎಂದು ಬಾಯಿ ಅದರಷ್ಟಕ್ಕೆ ಅದು ಅಂದಿತು. ಆಡಿದ ಮೇಲೆ ತಲೆ ಎತ್ತಿದರೆ ಸೊಸೆ ಕಣ್ಣರಳಿಸಿ ಕೂತಿದ್ದಳು.

“ಅತ್ತೀ, ಏನ್ರಿ ಅದು?”

“ವಿಭೂತಿ. ಮತ್ತೇನು, ವಿಷ ಹಾಕಿದ್ನೇನು? ದಿನಾ ಹಾಕತೇನಿ. ಅದಕ್ಕ ಛಲೋ ಆಗಲಿ ಅಂತ ಹಾಕತೇನಿ,” ಎಂದು ಭಾಗಮ್ಮ ಜೋರು ಮಾಡಿದಳು. ಸಿಕ್ಕಿಬಿದ್ದಾಗ ದನಿ ಎತ್ತರಿಸುವುದು ಅವಳ ಹಳೆಯ ವಿದ್ಯೆ.

ರುಕ್ಮಿಣಿ ಕೈಚೀಲದಿಂದ ಕೆಂಪು ಕಾಗದದ ಚೂರು ತೆಗೆದು ಬಕೀಟಿನಲ್ಲಿ ಅದ್ದಿದಳು. ಅತ್ತೆಯ ಕಣ್ಣೆದುರೇ ಅದು ನೀಲಿಯಾಯಿತು.

“ಕಾಗದ ಖರಾಬ ಆಗೇದ. ಬ್ಯಾರೆ ಹಾಕು.”

ಬೇರೆಯದೂ ನೀಲಿಯಾಯಿತು. ಹಿಂದಿನ ಸೀಟಿನವರು ಬಗ್ಗಿ ನೋಡತೊಡಗಿದರು. ರುಕ್ಮಿಣಿಗೆ ಗಾಬರಿಯಾಗಿ ಅವಳೂ ತನ್ನ ರೂಢಿಯ ಕೆಲಸಕ್ಕೆ ಇಳಿದಳು. ಚೀಲದಿಂದ ಒಂದು ಲಿಂಬೆ ತೆಗೆದು, ಹಲ್ಲಿನಿಂದ ಕಚ್ಚಿ, ಬಕೀಟಿನ ಮೇಲೆ ಹಿಡಿದಳು. ಭಾಗಮ್ಮ ತಟ್ಟನೆ ಆ ಮಣಿಕಟ್ಟು ಹಿಡಿದಳು.

“ನೀ ಏನ ಮಾಡಾಕತ್ತಿ?”

“ಸವಳ ಮುರಿಯಾಕ್ರಿ ಅತ್ತಿ. ದಿನಾ ಸಂಜಿಗೆ ಹಿಂಡತೇನಿ.”

“ದಿನಾ? ಹಂಗಾರ ಬುಟ್ಟ್ಯಾಗಿನ ಲಿಂಬಿಹಣ್ಣು...”

“ಎಲ್ಲಾ ಮೀನಕ್ಕರಿ.”

“ನೀ ಒಂದೂ ತಿನ್ನಲಿಲ್ಲ?”

“ನಾ ಯಾಕ ತಿನ್ನಲ್ರಿ?”

ಭಾಗಮ್ಮ ಮನಸ್ಸಿನಲ್ಲಿ ಹೆಸರನ್ನೂ ಇಟ್ಟು ಮುಗಿಸಿದ್ದ ಮೊಮ್ಮಗ ಆ ಕ್ಷಣದಲ್ಲಿ ಬಸ್ಸಿನಿಂದ ಇಳಿದು ಹೋದ. ಟಿಕೀಟು ಹರಿಯುತ್ತ ಬಂದ ಕಂಡಕ್ಟರ್ ಯುನೂಸ್ ಒಂದು ಕೈಯಲ್ಲಿ ಬೂದಿ, ಒಂದು ಕೈಯಲ್ಲಿ ಲಿಂಬೆ, ನಡುವೆ ಬಕೀಟು ನೋಡಿ, “ಅರೆ ಅಮ್ಮಾ, ಶರಬತ್ತ ಮಾಡಾಕತ್ತೀರೇನ್ರಿ? ನನಗೂ ಒಂದ ಗಿಲಾಸ ಇರಲಿ!” ಎಂದ. ಬಸ್ಸು ನಕ್ಕಿತು.

ಭಾಗಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಒಂದು ಹಳೆಯ ಸಂಗತಿ ನಿಧಾನವಾಗಿ ತೆರೆಯುತ್ತಿತ್ತು. ಅವಳು ಸಣ್ಣವಳಿದ್ದಾಗ ಮನೆಯಲ್ಲಿ ಸಾಬೂನು ಎಲ್ಲಿತ್ತು? ಬೂದಿ ನೆನೆಸಿದ ನೀರಿನಲ್ಲಿ ಬಟ್ಟೆ ಕುದಿಸುತ್ತಿದ್ದರು. ಆ ನೀರು ಕೈ ಕಡಿಯುತ್ತಿತ್ತು, ಎಂಥ ಕೊಳೆಯನ್ನೂ ಬಿಡಿಸುತ್ತಿತ್ತು. ವಿಭೂತಿ ಎಂದರೇನು? ಆಕಳ ಸಗಣಿ ಸುಟ್ಟ ಬೂದಿ. ಹಣೆಯ ಮೇಲೆ ಅದು ವಿಭೂತಿ, ನೀರಿಗೆ ಬಿದ್ದರೆ ಬೂದಿ ಬೂದಿಯೇ.

“ಅಯ್ಯ ಶಿವನ,” ಎಂದಳು. “ಮುಂಜಾನೆ ನಾ ಇದನ್ನ ಅರಬಿ ಒಗದಂಗ ಒಗ್ಯಾಕತ್ತಿದ್ದೆ. ಸಂಜಿಗೆ ನೀ ಲಿಂಬಿ ಹಚ್ಚಿ ತಾಮ್ರದ ಚರಿಗಿ ಬೆಳಗಿದಂಗ ಬೆಳಗಾಕತ್ತಿದ್ದಿ. ಇದು ಹ್ಯಾಂಗ ಬದುಕಬೇಕು?”

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅತ್ತೆಸೊಸೆಯರ ಅಕ್ಕರೆಯಲ್ಲಿ ಮೀನು ಬಡವಾಗಿತ್ತು.

ರಾಜೇಶ್ವರದಲ್ಲಿ ಬಸ್ಸು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಭಾಗಮ್ಮ ಬಕೀಟಿನ ಮೇಲೆ ಬಗ್ಗಿ, ಬಟ್ಟೆ ಸರಿಸಿ, ಯಾರಿಗೂ ಕೇಳಿಸಬಾರದೆಂಬ ದನಿಯಲ್ಲಿ, “ತಪ್ಪಾತವ್ವಾ,” ಎಂದಳು. ಗಂಡ ಕೇಳದೆ ಹೋದ ಮಾತನ್ನು ಮೀನು ಕೇಳಿಸಿಕೊಂಡಿತು. ಎಂದಿನಂತೆ ಉತ್ತರ ಕೊಡಲಿಲ್ಲ.

“ನಂದೂ ತಪ್ಪಾಗೇದ್ರಿ ಅತ್ತಿ,” ಎಂದಳು ಪಕ್ಕದಲ್ಲಿದ್ದ ಸೊಸೆ.

ಹುಮನಾಬಾದದಲ್ಲಿ ಬಸವಣಪ್ಪ ಮಾಸ್ತರರು ಬೀಗಿತ್ತಿಗೆ ಚಹಾ ಕೊಡುವುದನ್ನೂ ಮರೆತು ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಇಬ್ಬರ ಕಥೆಯನ್ನೂ ಕೇಳಿ, ನಗಬೇಕೋ ಬೇಡವೋ ತಿಳಿಯದೆ ಮೀಸೆ ಒರೆಸಿಕೊಂಡರು. ಆಮೇಲೆ ಮಗಳನ್ನು ಕೇಳಿದರು, “ಬಾವಿ ನೀರನ್ನ ಬ್ಯಾರೆ ನೋಡಿಯೇನು, ಮೀನ ಇಲ್ಲದ್ದು?”

ರುಕ್ಮಿಣಿ ತಲೆ ತಗ್ಗಿಸಿದಳು. ನೋಡಿರಲಿಲ್ಲ. ಊರ ನೀರೇ ಸರಿಯಿಲ್ಲವೆಂದು ಬಂದ ವಾರವೇ ತೀರ್ಮಾನ ಮಾಡಿಬಿಟ್ಟಿದ್ದಳು.

ಮಾಸ್ತರರು ಕ್ಯಾನಿನ ನೀರಿಗೆ ಎರಡೂ ಕಾಗದ ಅದ್ದಿದರು. ಕೆಂಪು ಕೆಂಪಾಗಿಯೇ ಉಳಿಯಿತು, ನೀಲಿ ನೀಲಿಯಾಗಿಯೇ. “ನೀರಿನ್ಯಾಗ ಏನೂ ದೋಷ ಇಲ್ಲ. ಛಲೋ ನೀರ ಅದ.”

ಬೇರೆ ದಿನವಾಗಿದ್ದರೆ ಭಾಗಮ್ಮ ಈ ತೀರ್ಪನ್ನು ಓಣಿಯಲ್ಲಿ ಡಂಗುರ ಹೊಡೆಸುತ್ತಿದ್ದಳು. ಇವತ್ತು, “ಈಗ ಇದು ಉಳೀತದೇನ್ರಿ ಬೀಗರ?” ಎಂದಷ್ಟೇ ಕೇಳಿದಳು.

“ನೋಡೂಣ್ರಿ. ಮೀನು ಜರಾ ಹುಳಿ ನೀರಾಗೂ ಇರತದ, ಜರಾ ಸವಳಾಗೂ ಇರತದ. ಯಾವುದಾದ್ರೂ ಒಂದು ಇರಲಿ, ದಿನಾ ಅದೇ ಇರಬೇಕು. ಮುಂಜಾನೊಂದು ಸಂಜಿಗೊಂದು ಆದ್ರ ತಾಳಂಗಿಲ್ಲ. ಬದಲಿ ಮಾಡೂದಿದ್ರ ಅದಕ್ಕ ಗೊತ್ತಾಗಲಾರದಂಗ ಮೆಲ್ಲಕ ಮಾಡಬೇಕು.”

“ಸೊಸಿ ಬಂದ ಹೊಸದ್ರಾಗ ಹಂಗೇ ಅಲ್ರಿ,” ಎಂದಳು ಭಾಗಮ್ಮ. ಮಾಸ್ತರರಿಗೆ ಕೆಮ್ಮು ಬಂತು.

ಮಧ್ಯಾಹ್ನವೆಲ್ಲ ಅದೇ ಕೆಲಸ. ಬಕೀಟಿನಿಂದ ಒಂದು ಲೋಟ ನೀರು ತೆಗೆಯುವುದು, ಕ್ಯಾನಿನಿಂದ ಒಂದು ಲೋಟ ಕಲ್ಯಾಣದ ಬಾವಿ ನೀರು ಹಾಕುವುದು, ಕಾಯುವುದು. ರುಕ್ಮಿಣಿ ತೆಗೆದಳು, ಭಾಗಮ್ಮ ಹಾಕಿದಳು. ಹನಿಸುವ ಕೈಯಲ್ಲ ಅವಳದು, ಕೊಡಗಟ್ಟಲೆ ಎತ್ತಿ ಹಾಕಿ ರೂಢಿ. ಹಾಗಿದ್ದೂ ಔಷಧ ಕುಡಿಸುವವಳಂತೆ ಅಂಚಿನಿಂದ ಇಳಿಬಿಟ್ಟಳು. ಬಿಸಿಲು ಅಂಗಳ ಬಿಟ್ಟು ಗೋಡೆ ಏರುವ ಹೊತ್ತಿಗೆ ಕೆಂಪಿ ಬೆನ್ನಿನ ರೆಕ್ಕೆ ಎತ್ತಿತು. ತಳಕ್ಕಿಳಿದು ಒಂದು ಸುತ್ತು ಹಾಕಿತು. ಭಾಗಮ್ಮನಿಗೆ ಎಂಥ ಹಿಗ್ಗೆಂದರೆ, ಬೀಗರ ಮನೆ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿದಳು.

ಮಾಸ್ತರರೂ ಹಿಗ್ಗಿದರು. “ಇನ್ನ ಇದು ಇಲ್ಲೇ ಇರಲಿ ಬಿಡವ್ವಾ ರುಕ್ಮಿಣಿ. ಇನ್ನೊಂದು ಪೆಟ್ಟಿಗಿ ತೊಳದಿಟ್ಟೇನಿ.”

ಭಾಗಮ್ಮನ ಚಪ್ಪಾಳೆ ಅರ್ಧಕ್ಕೆ ನಿಂತಿತು. ಬೇಡ ಎನ್ನಲು ನಾಲಿಗೆ ತುದಿಯವರೆಗೂ ಬಂತು. ಆದರೆ ಕೊಲ್ಲುವುದರಲ್ಲಿದ್ದವಳು ತಾನೇ. ಯಾವ ಹಕ್ಕಿನಿಂದ ಕೇಳುವುದು? ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏನೋ ವಿಶೇಷ ಕಂಡವಳ ಹಾಗೆ ಅತ್ತ ಮುಖ ತಿರುಗಿಸಿದಳು.

“ಬ್ಯಾಡಪ್ಪಾ,” ಎಂದಳು ರುಕ್ಮಿಣಿ. “ಇದನ್ನ ಇಲ್ಲಿ ಬಿಟ್ರ ನಸಿಕಿನ್ಯಾಗ ಅತ್ತಿ ಯಾರ ಜೋಡಿ ಮಾತಾಡಬೇಕು?”

ಭಾಗಮ್ಮ ಗರಕ್ಕನೆ ತಿರುಗಿದಳು. “ಯಾರ ಹೇಳಿದ್ರು ನಿನಗ?”

“ದಿನಾ ಒಳಗ ಕೇಳಸತಿತ್ರಿ. ಮೊದಲ ಮಂತ್ರ ಅಂತ ತಿಳಿದಿದ್ದೆ. ಮಂತ್ರದಾಗ ನನ್ನ ರೊಟ್ಟಿ ಸುದ್ದಿ ಬರಾಕತ್ತಿತು. ದೇವರಿಗೆ ನನ್ನ ಚಾಡಿ ಹೇಳತಾರ ಅಂತ ಹಾಸಿಗ್ಯಾಗ ಬಿದ್ದು ಅತ್ತೇನ್ರಿ. ಇವತ್ತ ಬಸ್ಸಿನ್ಯಾಗ ಅದೇ ದನಿ ಕೇಳಿದ ಮ್ಯಾಲೆ ಗೊತ್ತಾತು.” ಅವಳು ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿದ್ದವು. “ದೇವರಿಗೆ ಹೇಳೂಕ್ಕಿಂತ ಮೀನಕ್ಕ ಹೇಳೂದು ಪಾಡ್ರಿ ಅತ್ತಿ. ಮನಿಗೆ ಒಯ್ಯೂಣು.”

ಹಾಸಿಗೆಯಲ್ಲಿ ಬಿದ್ದು ಅತ್ತಿದ್ದಳಂತೆ. ಭಾಗಮ್ಮನಿಗೆ ಆ ಮಾತು ಕರುಳಿಗೆ ನಾಟಿತು. ಗೋಡೆಯ ಆಚೆ ಕೂಸಿನಂಥ ಸೊಸೆ ಎಚ್ಚರಾಗಿ ಮಲಗಿರುವಾಗ ತಾನು ಈಚೆ ಕೂತು ಮೂಕ ಪ್ರಾಣಿಗೆ ಅವಳ ದೂರು ಹೇಳಿದ್ದಳು. ಅಳು ಬಂತು. ಮುಚ್ಚಿಡುವ ಗೋಜಿಗೆ ಹೋಗದೆ, ಬೀಗರೆದುರೇ ಸೆರಗಿನಿಂದ ಮೂಗು ಒರೆಸಿಕೊಂಡು, “ಜಲ್ದಿ ನಡಿ, ಬಸ್ಸ ತಪ್ಪತದ,” ಎಂದು ಬಕೀಟನ್ನು ತಾನೇ ಎತ್ತಿಕೊಂಡಳು.

ಬಸ್ಸಿನಲ್ಲಿ ಬಕೀಟು ಅವಳ ತೊಡೆಯ ಮೇಲಿತ್ತು. ಹುಮನಾಬಾದದ ಕೊನೆಯ ಮನೆ ದಾಟುವವರೆಗೂ ಭಾಗಮ್ಮ ಅದರ ಬಟ್ಟೆ ಸರಿಮಾಡುತ್ತ ಕೂತಳು. ಆಮೇಲೆ, “ಆ ಸರುಬಾಯಿ ಆಡು ಅದ ಅಲ್ಲ, ಅದರ ಕಥಿ ನಿನಗ ಗೊತ್ತದೇನು?” ಎಂದು ಶುರು ಮಾಡಿದವಳು ಕಲ್ಯಾಣ ಮುಟ್ಟಿದರೂ ನಿಲ್ಲಿಸಲಿಲ್ಲ. ಎಲ್ಲವನ್ನೂ ಸೊಸೆಯ ಮುಖ ನೋಡಿಯೇ ಹೇಳಿದಳು.